ಮನೆಯ ಸರ್ವರ್‌ನಿಂದ ಸೌಂಡ್‌ಬಾರ್‌ಗೆ ಬಹುಚಾನೆಲ್ ಸಂಗೀತ

ಮನೆಯ ಕಂಪ್ಯೂಟರಿನಲ್ಲೋ ಎನ್‌ಎಎಸ್ ಎಂಬ ಶೇಖರಣಾ ಪೆಟ್ಟಿಗೆಯಲ್ಲೋ ಕೂಡಿಟ್ಟ, ಎರಡಕ್ಕಿಂತ ಹೆಚ್ಚು ಚಾನೆಲ್‌ಗಳುಳ್ಳ ಸಂಗೀತವನ್ನು ಮನೆಯೊಳಗಿನ ನೆಟ್‌ವರ್ಕ್ ಮೂಲಕ ತಂದು ಸೌಂಡ್‌ಬಾರ್‌ನಲ್ಲಿ ನುಡಿಸುವ ವ್ಯವಸ್ಥೆ. ಇದರಲ್ಲಿ ಸರ್ವರ್, ಪ್ಲೇಯರ್, ಕೇಬಲ್, ಸೌಂಡ್‌ಬಾರ್ ಎಂಬ ನಾಲ್ಕು ಘಟ್ಟಗಳಿವೆ. ಇವುಗಳಲ್ಲಿ ಯಾವುದಾದರೂ ಒಂದು ಎರಡೇ ಚಾನೆಲ್‌ಗೆ ಸೀಮಿತವಾಗಿದ್ದರೆ ಕಿವಿಗೆ ಬೀಳುವುದು ಬರೀ ಸ್ಟೀರಿಯೊ. ಅಡಚಣೆ ನೆಟ್‌ವರ್ಕಿನಲ್ಲಿ ಇರುವುದು ಅಪರೂಪ. ಪ್ಲೇಯರ್ ಮತ್ತು ಕೊನೆಯ ಕೇಬಲ್‌ನಲ್ಲೇ ಅದು ಹೆಚ್ಚು.

ಹಿನ್ನೆಲೆ

1970ರ ದಶಕದಲ್ಲಿ ನಾಲ್ಕು ಚಾನೆಲ್‌ಗಳ ಕ್ವಾಡ್ರಾಫೊನಿಕ್ ಧ್ವನಿಮುದ್ರಿಕೆಗಳು ಬಂದವಾದರೂ ಒಂದಕ್ಕೊಂದು ಹೊಂದದ ಹಲವು ಪದ್ಧತಿಗಳ ನಡುವೆ ನೆಲೆಯೂರಲಿಲ್ಲ. ಸೋನಿ ಮತ್ತು ಫಿಲಿಪ್ಸ್ 1999ರಲ್ಲಿ ತಂದ ಸೂಪರ್ ಆಡಿಯೊ ಸಿಡಿ, 2000ದಲ್ಲಿ ಬಂದ ಡಿವಿಡಿ-ಆಡಿಯೊ ಮತ್ತು ಮುಂದೆ ಬ್ಲೂ-ರೇ ಡಿಸ್ಕ್‌ಗಳಿಂದ 5.1 ಚಾನೆಲ್‌ಗಳ ಸಂಗೀತ ಮನೆಗಳಿಗೆ ಬಂತು. ಮುಂಭಾಗದ ಎಡ, ಬಲ ಮತ್ತು ಮಧ್ಯ, ಸುತ್ತಲಿನ ಎಡ ಮತ್ತು ಬಲ ಸೇರಿ ಐದು ಪೂರ್ಣ ಚಾನೆಲ್‌ಗಳು. ತಗ್ಗುಸ್ವರಗಳಿಗೆ ಮೀಸಲಾದ ಎಲ್‌ಎಫ್‌ಇ ಚಾನೆಲ್ ಆ ‘.1’. ಡಿಸ್ಕ್‌ಗಳಿಂದ ಫೈಲ್‌ಗಳಾಗಿ ಇಳಿಸಿಕೊಂಡ ಇಂಥ ಸಂಗ್ರಹವೇ ಇಂದಿನ ಹೋಮ್ ಸರ್ವರ್‌ಗಳ ಸರಕು.

ಫೈಲ್ ಮಾದರಿಗಳು

ಹೆಚ್ಚು ಬಳಕೆಯಲ್ಲಿರುವುದು 2001ರಲ್ಲಿ ಹೊರಬಂದ ಫ್ಲ್ಯಾಕ್. ಗುಣಮಟ್ಟ ಕೆಡದಂತೆ ಫೈಲನ್ನು ಕಿರಿದಾಗಿಸುವ ಈ ಮಾದರಿಯಲ್ಲಿ ಎಂಟು ಚಾನೆಲ್‌ಗಳವರೆಗೆ ಅವಕಾಶವಿದೆ. ಡಾಲ್ಬಿ ಆಟ್ಮಾಸ್ ಸಂಗೀತದಲ್ಲಿರುವ ಚಲಿಸುವ ಧ್ವನಿ-ಘಟಕಗಳ ವಿವರ ಇದರಲ್ಲಿ ಹಿಡಿಸುವುದಿಲ್ಲವಾದ್ದರಿಂದ ಅದನ್ನು ಫ್ಲ್ಯಾಕ್‌ಗೆ ಬದಲಿಸಿದರೆ ಉಳಿಯುವುದು ನಿಗದಿತ ಚಾನೆಲ್‌ಗಳಷ್ಟೆ. ಆಟ್ಮಾಸ್ ಹಾಗೆಯೇ ಉಳಿಯಬೇಕಾದರೆ ಅದನ್ನು ಹೊತ್ತ ಡಾಲ್ಬಿ ಟ್ರೂಎಚ್‌ಡಿ ಅಥವಾ ಡಾಲ್ಬಿ ಡಿಜಿಟಲ್ ಪ್ಲಸ್ ಪ್ರವಾಹವನ್ನು ಎಂಕೆವಿ, ಎಂಪಿ4ರಂಥ ಫೈಲ್‌ನಲ್ಲಿ ಮೂಲರೂಪದಲ್ಲೇ ಇಡಬೇಕು. ಸೂಪರ್ ಆಡಿಯೊ ಸಿಡಿಯ ಡಿಎಸ್‌ಡಿ ಸಂಕೇತವನ್ನು ಸೌಂಡ್‌ಬಾರ್‌ಗಳು ಸಾಮಾನ್ಯವಾಗಿ ಸ್ವೀಕರಿಸವು. ಅದನ್ನು ಮೊದಲೇ ಪಿಸಿಎಂ ಎಂಬ ಸಾಮಾನ್ಯ ಡಿಜಿಟಲ್ ಧ್ವನಿರೂಪಕ್ಕೆ ಬದಲಿಸಿಕೊಳ್ಳುತ್ತಾರೆ.

ನೆಟ್‌ವರ್ಕ್ ಮತ್ತು ಸರ್ವರ್

24 ಬಿಟ್, 96 ಕಿಲೋಹರ್ಟ್ಸ್‌ನ 5.1 ಸಂಗೀತವನ್ನು ಕುಗ್ಗಿಸದೆ ಕಳುಹಿಸಿದರೂ ಸೆಕೆಂಡಿಗೆ ಬೇಕಾಗುವುದು ಸುಮಾರು 13.8 ಮೆಗಾಬಿಟ್. ಫ್ಲ್ಯಾಕ್ ಆದರೆ ಇನ್ನೂ ಕಡಿಮೆ. 100 ಮೆಗಾಬಿಟ್‌ನ ಹಳೆಯ ಈಥರ್ನೆಟ್ ತಂತಿಗೂ ಇದು ಭಾರವಲ್ಲ. ಸಿಗ್ನಲ್ ಗಟ್ಟಿಯಾಗಿದ್ದರೆ ವೈ-ಫೈಯೂ ಸಾಕು.

ಸರ್ವರ್ ಮತ್ತು ಪ್ಲೇಯರ್ ಪರಸ್ಪರ ಗುರುತಿಸಿಕೊಳ್ಳಲು ಯುಪಿಎನ್‌ಪಿ ಹಾಗೂ ಅದರ ಮೇಲೆ ಕಟ್ಟಿದ ಡಿಎಲ್‌ಎನ್‌ಎ ನಿಯಮಾವಳಿ ನೆರವಾಗುತ್ತವೆ. ಡಿಎಲ್‌ಎನ್‌ಎ ಸಂಘಟನೆ 2003ರಲ್ಲಿ ಹುಟ್ಟಿ 2017ರಲ್ಲಿ ವಿಸರ್ಜನೆಗೊಂಡಿತು. ನಿಯಮಾವಳಿ ಮಾತ್ರ ಬಳಕೆಯಲ್ಲಿದೆ. ಮಿನಿಮ್‌ಸರ್ವರ್, ಪ್ಲೆಕ್ಸ್, ಜೆಲ್ಲಿಫಿನ್ ಈ ಕೆಲಸಕ್ಕೆ ಬಳಕೆಯಾಗುವ ಸರ್ವರ್ ತಂತ್ರಾಂಶಗಳು. ಪ್ಲೇಯರ್‌ಗೆ ಆಗದ ಮಾದರಿಯನ್ನು ಕೆಲವು ಸರ್ವರ್‌ಗಳು ತಾವೇ ಬದಲಿಸಿ ಕಳುಹಿಸುತ್ತವೆ. ಬಳಕೆದಾರನ ಗಮನಕ್ಕೆ ಬಾರದೆ ಬಹುಚಾನೆಲ್ ಫೈಲ್ ಸ್ಟೀರಿಯೊ ಆಗುವ ಒಂದು ಜಾಗ ಇದು.

ಸೌಂಡ್‌ಬಾರ್‌ಗೆ ಇರುವ ದಾರಿಗಳು

ಸೌಂಡ್‌ಬಾರ್‌ನಲ್ಲೇ ವೈ-ಫೈ ಇದ್ದರೆ ಸರ್ವರ್‌ನಿಂದ ನೇರವಾಗಿ ನುಡಿಸಬಹುದೆಂದು ತೋರುತ್ತದೆ. ಆದರೆ ಇಂಥ ಉಪಕರಣಗಳ ನೆಟ್‌ವರ್ಕ್ ಪ್ಲೇಯರ್ ಬಹಳಷ್ಟು ಸಲ ಸ್ಟೀರಿಯೊ ಫೈಲ್‌ಗಳನ್ನಷ್ಟೇ ಬಲ್ಲದು. ಬ್ಲೂಟೂತ್‌ನಲ್ಲಿ ಸಂಗೀತಕ್ಕೆ ಬಳಸುವ ಎ2ಡಿಪಿ ವಿಧಾನದಲ್ಲೂ ಎರಡೇ ಚಾನೆಲ್.

ಆದ್ದರಿಂದ ನಡುವೆ ಒಂದು ಪ್ಲೇಯರ್ ಇಡುವುದು ರೂಢಿ. ಕೋಡಿ ತಂತ್ರಾಂಶ ಹಾಕಿದ ರಾಸ್ಪ್‌ಬೆರಿ ಪೈ, ಎನ್‌ವಿಡಿಯಾ ಶೀಲ್ಡ್, ಬ್ಲೂ-ರೇ ಪ್ಲೇಯರ್, ಸಣ್ಣ ಕಂಪ್ಯೂಟರ್ ಇವುಗಳಲ್ಲಿ ಕೆಲವು. ಇವು ಸರ್ವರ್‌ನಿಂದ ಫೈಲ್ ತೆಗೆದುಕೊಂಡು, ಬಿಡಿಸಿದ ಪಿಸಿಎಂ ರೂಪದಲ್ಲೋ ಮೂಲ ಸಂಕೇತದ ರೂಪದಲ್ಲೋ ಎಚ್‌ಡಿಎಂಐ ಮೂಲಕ ಹೊರಗೆ ಕೊಡುತ್ತವೆ.

ಅಲ್ಲಿಂದ ಮುಂದಿನ ಕೇಬಲ್ ನಿರ್ಣಾಯಕ. ತೋಶಿಬಾ 1983ರಲ್ಲಿ ತಂದ ಆಪ್ಟಿಕಲ್ ಜೋಡಣೆಯಲ್ಲಿ ಪಿಸಿಎಂ ಆದರೆ ಎರಡು ಚಾನೆಲ್ ಮಾತ್ರ ಸಾಗುತ್ತದೆ, 5.1 ಬೇಕಿದ್ದರೆ ಡಾಲ್ಬಿ ಡಿಜಿಟಲ್ ಅಥವಾ ಡಿಟಿಎಸ್‌ಗೆ ಕುಗ್ಗಿಸಲೇಬೇಕು. ಡಾಲ್ಬಿ ಡಿಜಿಟಲ್‌ನ ಗರಿಷ್ಠ ವೇಗ ಸೆಕೆಂಡಿಗೆ 640 ಕಿಲೋಬಿಟ್. 2009ರ ಎಚ್‌ಡಿಎಂಐ 1.4ರೊಂದಿಗೆ ಬಂದ ಎಆರ್‌ಸಿ, ಟಿವಿಯಿಂದ ಸೌಂಡ್‌ಬಾರ್‌ಗೆ ಧ್ವನಿಯನ್ನು ಮರಳಿ ಕಳುಹಿಸುವ ಮಾರ್ಗ. ಪಿಸಿಎಂ ವಿಷಯದಲ್ಲಿ ಅದರ ಮಿತಿಯೂ ಸ್ಟೀರಿಯೊ. ಡಾಲ್ಬಿ ಡಿಜಿಟಲ್ ಪ್ಲಸ್ ದಾಟಿಸಬಲ್ಲದು ಎಂಬುದಷ್ಟೇ ಅದರ ಹೆಚ್ಚುಗಾರಿಕೆ. 2017ರಲ್ಲಿ ಎಚ್‌ಡಿಎಂಐ 2.1ರ ಜೊತೆ ಬಂದ ಇ-ಎಆರ್‌ಸಿ ಸೆಕೆಂಡಿಗೆ ಸುಮಾರು 37 ಮೆಗಾಬಿಟ್ ಹೊರುತ್ತದೆ. 24 ಬಿಟ್, 192 ಕಿಲೋಹರ್ಟ್ಸ್‌ನ ಎಂಟು ಚಾನೆಲ್‌ಗಳನ್ನು ಕುಗ್ಗಿಸದೆ ಸಾಗಿಸಲು ಅದು ಸಾಕು. ಟಿವಿ ಮತ್ತು ಸೌಂಡ್‌ಬಾರ್ ಎರಡರಲ್ಲೂ ಈ ಸೌಲಭ್ಯ ಇರಬೇಕು. ಡಿಟಿಎಸ್ ಸಂಕೇತವನ್ನು ಮುಂದೆ ಬಿಡದ ಟಿವಿಗಳೂ ಇವೆ. ಸೌಂಡ್‌ಬಾರ್‌ಗೆ ಸ್ವಂತ ಎಚ್‌ಡಿಎಂಐ ಇನ್‌ಪುಟ್ ಇದ್ದರೆ ಟಿವಿಯ ಹಂಗೇ ಇಲ್ಲ; ಆದರೂ ಆ ಇನ್‌ಪುಟ್ ಬಹುಚಾನೆಲ್ ಪಿಸಿಎಂ ಒಪ್ಪುತ್ತದೆಯೇ ಎಂದು ಕೈಪಿಡಿಯಲ್ಲಿ ನೋಡಿಕೊಳ್ಳಬೇಕು.

ಚಾನೆಲ್‌ಗಳ ಹಂಚಿಕೆ

5.1 ಫ್ಲ್ಯಾಕ್ ಫೈಲ್‌ನಲ್ಲಿ ಚಾನೆಲ್‌ಗಳ ಕ್ರಮ ಎಡ, ಬಲ, ಮಧ್ಯ, ಎಲ್‌ಎಫ್‌ಇ, ಸುತ್ತಲಿನ ಎಡ, ಸುತ್ತಲಿನ ಬಲ. ಡಾಲ್ಬಿ ಡಿಜಿಟಲ್‌ನಲ್ಲಿ ಮಧ್ಯದ ಚಾನೆಲ್ ಎರಡನೆಯದು, ಎಲ್‌ಎಫ್‌ಇ ಕೊನೆಯದು. ಪರಿವರ್ತಿಸುವಾಗ ಈ ವ್ಯತ್ಯಾಸ ಗಮನಿಸದಿದ್ದರೆ ಗಾಯಕರ ಧ್ವನಿ ಬಲಬದಿಯಿಂದ ಕೇಳಿಬರುತ್ತದೆ.

ಸೌಂಡ್‌ಬಾರ್‌ನ ಒಳಗಿನ ಸ್ಪೀಕರ್‌ಗಳ ಸಂಖ್ಯೆಯೂ ಮುಖ್ಯ. 2.1 ಮಾದರಿಗೆ 5.1 ಸಂಗೀತ ಕೊಟ್ಟರೆ ಮಧ್ಯದ ಚಾನೆಲನ್ನು ಎಡ-ಬಲಗಳಿಗೆ ಹಂಚಿ, ಸುತ್ತಲಿನ ಚಾನೆಲ್‌ಗಳನ್ನು ಅವುಗಳಲ್ಲೇ ಬೆರೆಸುತ್ತದೆ. ಹೀಗೆ ಬೆರೆಸುವಾಗ ಎಲ್‌ಎಫ್‌ಇ ಚಾನೆಲನ್ನು ಕೈಬಿಡುವುದೂ ಉಂಟು. ಪ್ರತ್ಯೇಕ ಹಿಂಬದಿ ಸ್ಪೀಕರ್‌ಗಳಿಲ್ಲದ ಬಾರ್‌ಗಳು ಧ್ವನಿಯನ್ನು ಗೋಡೆಗೆ ಬಡಿಸಿ ಮರಳಿಸುವುದರಿಂದಲೋ ಸಂಕೇತವನ್ನು ಸಂಸ್ಕರಿಸುವುದರಿಂದಲೋ ಸುತ್ತಲಿನ ಭಾಸ ಹುಟ್ಟಿಸುತ್ತವೆ. ಫಲಿತಾಂಶ ಕೋಣೆಯ ಆಕಾರವನ್ನು ಅವಲಂಬಿಸಿದೆ.

ಪರೀಕ್ಷೆ

ಪ್ರತಿ ಚಾನೆಲ್‌ನ ಹೆಸರನ್ನು ಅದೇ ಸ್ಪೀಕರ್‌ನಿಂದ ಹೇಳಿಸುವ ಪರೀಕ್ಷಾ ಫೈಲನ್ನು ನುಡಿಸಿದರೆ ತಪ್ಪು ಬೇಗ ಪತ್ತೆಯಾಗುತ್ತದೆ. ಸೌಂಡ್‌ಬಾರ್‌ನ ಡಿಸ್‌ಪ್ಲೇ ಅಥವಾ ಆ್ಯಪ್‌ನಲ್ಲಿ ಒಳಬರುತ್ತಿರುವ ಸಂಕೇತದ ಹೆಸರು ಕಾಣುವುದಾದರೆ ಅದನ್ನೂ ನೋಡಬೇಕು. ಅಲ್ಲಿ ‘ಪಿಸಿಎಂ 2.0’ ಎಂದಿದ್ದರೆ ಚಾನೆಲ್‌ಗಳು ಬಾರ್ ತಲುಪುವ ಮೊದಲೇ ಕಳೆದುಹೋಗಿವೆ ಎಂದರ್ಥ. ಆಗ ಪ್ಲೇಯರ್‌ನ ಚಾನೆಲ್ ಸಂಖ್ಯೆಯ ಸೆಟ್ಟಿಂಗ್, ಟಿವಿಯ ಡಿಜಿಟಲ್ ಔಟ್‌ಪುಟ್ ಸೆಟ್ಟಿಂಗ್, ಸರ್ವರ್‌ನ ಪರಿವರ್ತನೆ ಸೆಟ್ಟಿಂಗ್ ಈ ಕ್ರಮದಲ್ಲಿ ನೋಡುವುದು ಸುಲಭ. ಎಆರ್‌ಸಿ ಅಥವಾ ಆಪ್ಟಿಕಲ್ ಬಿಟ್ಟರೆ ಬೇರೆ ದಾರಿಯಿಲ್ಲದ ಮನೆಗಳಲ್ಲಿ, ಪ್ಲೇಯರ್‌ನಲ್ಲೇ ಡಾಲ್ಬಿ ಡಿಜಿಟಲ್‌ಗೆ ಬದಲಿಸಿ ಕಳುಹಿಸುವುದು 5.1 ಉಳಿಸಿಕೊಳ್ಳುವ ಉಪಾಯ. ಕೋಡಿಯಲ್ಲಿ ಈ ಸೌಲಭ್ಯವಿದೆ. ಗುಣಮಟ್ಟ ಸ್ವಲ್ಪ ತಗ್ಗಿದರೂ ಚಾನೆಲ್‌ಗಳು ಆರೂ ಸೌಂಡ್‌ಬಾರ್ ತಲುಪುತ್ತವೆ.