ಮಾಯಾಪರೀಕ್ಷೆಯ ಸ್ಥಾನಾಂತರ: ಅಲ್ಲಮನ ಎರಡು ಚರಿತ್ರೆಗಳನ್ನು ಕುರಿತು

ಅಲ್ಲಮಪ್ರಭುವಿನ ಕಾವ್ಯಚರಿತ್ರೆ ನಮಗೆ ಮುಖ್ಯವಾಗಿ ಎರಡು ರೂಪಗಳಲ್ಲಿ ದೊರೆತಿದೆಯೆಂಬುದೂ, ಹರಿಹರನ ‘ಪ್ರಭುದೇವರ ರಗಳೆ’ಯ ಕಥೆಯನ್ನೊಪ್ಪದೆ ಚಾಮರಸನು ಪ್ರೌಢದೇವರಾಯನ ಆಳ್ವಿಕೆಯಲ್ಲಿ (1424–1446) 25 ಗತಿಗಳ ‘ಪ್ರಭುಲಿಂಗಲೀಲೆ’ಯನ್ನು ಭಾಮಿನೀ ಷಟ್ಪದಿಯಲ್ಲಿ ರಚಿಸಿದನೆಂಬುದೂ ವಿದ್ವಾಂಸರಿಗೆ ಬಹುಮಟ್ಟಿಗೆ ಸಮ್ಮತವಾದ ವಿಷಯಗಳು. ರಗಳೆಯ ಅಲ್ಲಮನು ಬಳ್ಳಿಗಾವೆಯ ಮದ್ದಳೆಗಾರ. ಕಾಮಲತೆಯನ್ನೊಲಿದು ವರಿಸಿ, ಅವಳು ಜ್ವರದಿಂದ ಮಡಿದ ಬಳಿಕ ಮರುಳನಂತೆ ಅಲೆದು, ತೋಟವೊಂದರಲ್ಲಿ ಕಾಲುಗುರಿನಿಂದ ನೆಲವನ್ನು ಕೆದರುತ್ತಿರಲು ಹೊನ್ನಕಳಶವನ್ನು ಕಂಡು, ನೆಲದೊಳಗಿನ ಗುಡಿಯಲ್ಲಿ ಅನಿಮಿಷಯ್ಯನ ಕೈಯ ಲಿಂಗವನ್ನು ಪಡೆದವನು. ಲೀಲೆಯ ಅಲ್ಲಮನಾದರೋ ನಿರಹಂಕಾರ–ಸುಜ್ಞಾನಿಯರಲ್ಲಿ ಅವತರಿಸಿದ ಶಿವನೇ. ಬನವಸೆಯ ಮಮಕಾರರಾಜನ ಮಗಳಾದ ಮಾಯೆಯ ನಾಟ್ಯಕ್ಕೆ ಮದ್ದಳೆ ನುಡಿಸಿಯೂ ಅವಳ ಕೈಗೆ ಸಿಲುಕದವನು.

ಸಾಧಕನು ದೇವನಾದುದರಿಂದ ಪ್ರಲೋಭನವು ಬರಿಯ ಆಟವಾಯಿತು, ಸೋಲುವ ಸಂಭವವಿಲ್ಲದೆಡೆ ಪರೀಕ್ಷೆಗೆ ಅರ್ಥವಿಲ್ಲ, ಆದುದರಿಂದ ಆಧ್ಯಾತ್ಮಿಕ ವಿಕಾಸದ ಕಥೆ ಹರಿಹರನಲ್ಲಿಯೇ ಉಳಿಯಿತು ಎಂಬುದು ಇಲ್ಲಿಂದ ಸಾಮಾನ್ಯವಾಗಿ ತೆಗೆಯುವ ನಿರ್ಣಯ. ಇದರ ಪೂರ್ವಾರ್ಧವನ್ನು ಒಪ್ಪಬಹುದು, ಉತ್ತರಾರ್ಧವನ್ನು ಒಪ್ಪಲಾರೆ. ರಗಳೆಯಲ್ಲಿ ಅಲ್ಲಮನು ಗೆದ್ದ ಪ್ರಲೋಭನವಾದರೂ ಯಾವುದು? ಕಾಮಲತೆಯನ್ನು ಅವನು ತೊರೆಯಲಿಲ್ಲ, ಮೃತ್ಯು ಅವಳನ್ನೊಯ್ದಿತು. ಅಲ್ಲಿರುವುದು ಶೋಕದ ಪರೀಕ್ಷೆ, ಕಾಮದ ಪರೀಕ್ಷೆಯಲ್ಲ. ಹರಿಹರನಲ್ಲಿ ಕಾಮವಿಜಯವನ್ನು ಕಾಣುವವರು ತಮಗರಿವಿಲ್ಲದೆಯೇ ಚಾಮರಸನ ಕನ್ನಡಕವನ್ನು ತೊಟ್ಟಿರುವರೆಂದು ತೋರುತ್ತದೆ.

ಇನ್ನು ಲೀಲೆಯ ವಿಚಾರ. ಅಲ್ಲಮನನ್ನು ಮರುಳುಗೊಳಿಸುವೆನೆಂದು ಪಣತೊಟ್ಟ ಪಾರ್ವತಿಯು ಮೊದಲು ಕಳುಹಿದ್ದು ತನ್ನ ತಾಮಸಕಳೆಯನ್ನು, ಅದೇ ಮಾಯೆ. ಅವಳು ಸೋತ ಮೇಲೆ ಕಳುಹಿದ್ದು ಸಾತ್ತ್ವಿಕಕಳೆಯನ್ನು, ಅವಳೇ ಉಡುತಡಿಯ ಮಹಾದೇವಿ. ಈ ಸಂಬಂಧವನ್ನು ಕಥಾಸಂಧಾನದ ಉಪಾಯವೆಂದು ದಾಟಿಹೋಗುವುದು ವಾಡಿಕೆ. ಆದರೆ ಕಾವ್ಯದ ಕೀಲಿರುವುದೇ ಇಲ್ಲಿ. ಪರೀಕ್ಷಿಸಹೊರಟ ಶಕ್ತಿಯೇ ಎರಡನೆಯ ಸಲ ಪರೀಕ್ಷೆಗೆ ಒಳಗಾಗಲು ಹುಟ್ಟುತ್ತದೆ: ಕೌಶಿಕನ ಅರಮನೆಯ ಭೋಗವನ್ನು ಕಂಡು ನಿರಾಕರಿಸಿದ ಮಹಾದೇವಿಯನ್ನು ಕಲ್ಯಾಣದಲ್ಲಿ ಪ್ರಶ್ನೆಗಳಿಂದ ಒರೆಗೆ ಹಚ್ಚುವವನು ಮಾಯೆಗೆ ಸಿಲುಕದ ಆ ಅಲ್ಲಮನೇ. ಸೊನ್ನಲಿಗೆಯಲ್ಲಿ ಕೆರೆಯ ಕಾರ್ಯವೇ ಪರಮಾರ್ಥವೆಂದು ನಂಬಿದ್ದ ಸಿದ್ಧರಾಮನನ್ನು ಅವನು ಕೆಣಕಿ ಕೋಪಕ್ಕೆ ತಂದು, ಆ ಕೋಪದಲ್ಲಿಯೇ ಅವನ ಕೊರತೆಯನ್ನು ಕಾಣಿಸುವನು. ಪುಣ್ಯಕರ್ಮವೂ ಪ್ರಲೋಭನವಾಗಬಲ್ಲುದೆಂಬ ಈ ಸೂಕ್ಷ್ಮ ಮಾಯೆಯ ನಾಟ್ಯಕ್ಕಿಂತ ಎಷ್ಟೋ ಗಹನವಾದುದು. ಅಣ್ಣ ಅಜಗಣ್ಣನ ಅಗಲಿಕೆಯಲ್ಲಿ ಕರಗಿದ ಮುಕ್ತಾಯಿಯ ಪ್ರಸಂಗದಲ್ಲಿಯಂತೂ, ಹರಿಹರನು ಅಲ್ಲಮನಿಗೆ ಕೊಟ್ಟಿದ್ದ ಶೋಕವೇ ಬೇರೊಬ್ಬರ ಎದೆಯಲ್ಲಿ ಕುಳಿತು ಅಲ್ಲಮನಿಂದ ಉತ್ತರವನ್ನು ಬೇಡುವಂತಿದೆ.

ಆದುದರಿಂದ ಚಾಮರಸನು ಪರೀಕ್ಷೆಯನ್ನು ಅಳಿಸಲಿಲ್ಲ, ನಾಯಕನಿಂದ ಭಕ್ತರಿಗೆ ವರ್ಗಾಯಿಸಿದನೆಂದು ಹೇಳಬಹುದೆಂದು ನನ್ನ ಊಹೆ. ಊಹೆಯೆಂದೇ ಹೇಳಬೇಕು: ಮುಕ್ತಾಯಿಯ ಶೋಕಕ್ಕೆ ಅವಳ ವಚನಗಳಲ್ಲಿಯೇ ಸ್ವತಂತ್ರವಾದ ಆಧಾರವಿರುವುದರಿಂದ ಅದು ರಗಳೆಯಿಂದ ಹೊರಟಿತೆನ್ನಲಾಗದು, ಕವಿಯು ತಿಳಿದೇ ಹೀಗೆ ಮಾಡಿದನೆಂಬುದಕ್ಕೆ ಅವನ ಮಾತಿನ ಸಾಕ್ಷ್ಯವೂ ಇಲ್ಲ, ಎರಡು ಕಳೆಗಳ ಕಲ್ಪನೆ ತತ್ತ್ವನಿರೂಪಣೆಗಾಗಿ ಮಾತ್ರ ಬಂದಿರಲೂಬಹುದು. ಆದರೂ ಮಾಯೆಯ ಪ್ರಸಂಗ ಕಾವ್ಯದ ಆದಿಭಾಗದಲ್ಲಿಯೇ ಮುಗಿದು, ಮುಂದಿನ ಗತಿಗಳಲ್ಲಿ ಬಹುಪಾಲು ಇಂಥ ಭೇಟಿಗಳಿಗೆ ಮೀಸಲಾಗಿರುವುದನ್ನು ಕೇವಲ ಲೀಲಾವಾದದಿಂದ ವಿವರಿಸುವುದು ಕಷ್ಟ.

ಶಿವಗಣಪ್ರಸಾದಿ ಮಹಾದೇವಯ್ಯನ ‘ಶೂನ್ಯಸಂಪಾದನೆ’ಯಲ್ಲಿಯೂ ಅಲ್ಲಮನು ಪ್ರಶ್ನಿಸುವವನಾಗಿಯೇ ನಿಲ್ಲುವನು. ಅದೂ ಹದಿನೈದನೆಯ ಶತಮಾನದ ಕೃತಿಯಾದುದರಿಂದ, ಈ ವರ್ಗಾವಣೆ ಚಾಮರಸನ ಪ್ರತಿಭೆಯದೋ ಇಬ್ಬರಿಗೂ ಮೊದಲಿದ್ದ ಸಂಪ್ರದಾಯದ್ದೋ ಎಂಬ ಪ್ರಶ್ನೆ, ಎರಡು ಕೃತಿಗಳ ಪ್ರಸಂಗಗಳನ್ನು ಒಂದೊಂದಾಗಿ ಹೋಲಿಸಿ ನೋಡುವವರೆಗೆ, ತೀರ್ಮಾನವಾಗದೆ ಉಳಿಯುತ್ತದೆ.