ಕಾಳಿಯ ಕಲ್ಲು, ಹೋರ್ಮೆಯ ಹಾಸಿಗೆ

ಆತಕೂರಿನ ಶಾಸನವನ್ನು ನಮಗೆ ತಕ್ಕೋಲದ ಯುದ್ಧಕ್ಕಾಗಿ ಓದಿಸುತ್ತಾರೆ. ರಾಷ್ಟ್ರಕೂಟರ ಮೂರನೆಯ ಕೃಷ್ಣ, ಗಂಗರ ಇಮ್ಮಡಿ ಬೂತುಗ, ಚೋಳರ ರಾಜಾದಿತ್ಯ, ಕ್ರಿ.ಶ. 949: ಪರೀಕ್ಷೆಗೆ ಇಷ್ಟು ಸಾಕು. ನನಗೆ ಆ ಕಲ್ಲು ಬೇಕಾಗಿರುವುದು ಒಂದು ನಾಯಿಗಾಗಿ. ಯುದ್ಧದಲ್ಲಿ ಮೆರೆದ ಮಣಲೆರನಿಗೆ ಒಡೆಯ ‘ಏನು ಬೇಕೋ ಕೇಳು’ ಎಂದಾಗ ಅವನು ಊರನ್ನೋ ಹೊನ್ನನ್ನೋ ಕೇಳಲಿಲ್ಲ, ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಮುಂದೆ ಆ ಕಾಳಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ನಾಯಿ, ಹಂದಿ ಎರಡೂ ಕಾದಾಡಿ ಒಟ್ಟಿಗೇ ಸತ್ತವು. ಈಗಿನ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಚೆಲ್ಲೇಶ್ವರ ದೇಗುಲದ ಮುಂದೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟರು. ಅಲ್ಲಿಯ ಗೊರವ ಆ ಕಲ್ಲನ್ನು ಪೂಜಿಸದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ತಟ್ಟುತ್ತದೆ ಎಂದೂ ಬರೆಸಿದರು. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಅಲ್ಲಿ ಉಣ್ಣುವ ಮೊದಲು ಪೂಜಿಸುವವರು ಯಾರೂ ಇಲ್ಲ.

ಸತ್ತ ನಾಯಿಗೆ ದಿನವೂ ಉಪಚಾರ ನಡೆಯುವಂತೆ ಏರ್ಪಾಡು ಮಾಡಿದವರು, ಬದುಕಿದ್ದಾಗ ಅದನ್ನು ಹೇಗೆ ನೋಡಿಕೊಂಡರು? ಬೇಸಿಗೆಯಲ್ಲಿ ಅದರ ಕಿವಿಯೊಳಗಿನ ಉಣ್ಣಿ ಯಾರು ತೆಗೆದರು? ಮಳೆಗಾಲದಲ್ಲಿ ಕೆಸರು ಮೆತ್ತಿದ ಪಾದ ಯಾರು ಒರೆಸಿದರು? ಕಲ್ಲು ಇದನ್ನು ಹೇಳುವುದಿಲ್ಲ. ವೀರಗಲ್ಲುಗಳು ಸಾವಿನ ದಾಖಲೆಗಳು. ಸುಮಾರು ಇನ್ನೂರು ವರ್ಷಗಳ ನಂತರ ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ನಾಯಿಗಳಿಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟ. ಆದರೆ ಅದು ‘ವಿನೋದ’ಗಳ ಸಾಲಿನಲ್ಲಿ ಬರುತ್ತದೆ. ಅಂದರೆ ದೊರೆಯ ಕಣ್ಣಿಗೆ ಕಂಡ ನಾಯಿ. ನಾಯಿಯನ್ನು ತಿಕ್ಕಿ ತೊಳೆದ ಆಳಿನ ಕೈಗೆ ಏನು ಗೊತ್ತಿತ್ತೋ ಅದನ್ನು ತಿಳಿಯಲು ನಾನು ಬೇರೆ ಕಡೆ ಹುಡುಕಬೇಕಾಯಿತು.

ಸಿಕ್ಕಿದ್ದು ರೋಮಿನಲ್ಲಿ. ಒಂದನೆಯ ಶತಮಾನದ ಕೊಲುಮೆಲ್ಲ ಬೇಸಾಯದ ಬಗ್ಗೆ ಬರೆದ ಲೇಖಕ. ದನ, ಕುರಿ, ಕೋಳಿಗಳ ಜೊತೆಗೆ ಹೊಲ ಕಾಯುವ ನಾಯಿಯನ್ನೂ ಅವನು ಮರೆಯಲಿಲ್ಲ. ಬೇಸಿಗೆಯಲ್ಲಿ ನೊಣ ಕಚ್ಚಿ ಕಚ್ಚಿ ನಾಯಿಯ ಕಿವಿ ಹುಣ್ಣಾಗಿ ಕೆಲವೊಮ್ಮೆ ಕಿವಿಯೇ ಹೋಗುತ್ತದೆ, ಅದಕ್ಕೆ ಮೊದಲೇ ಕಹಿ ಬಾದಾಮಿ ಅರೆದು ಹಚ್ಚಿ ಎನ್ನುತ್ತಾನೆ. ಆಗಲೇ ಹುಣ್ಣಾಗಿದ್ದರೆ ಕಾಯಿಸಿದ ರಾಳ ಮತ್ತು ಹಂದಿಕೊಬ್ಬು. ಚಿಗಟಕ್ಕೆ ಜೀರಿಗೆಯ ಜೊತೆ ಒಂದು ವಿಷಬೇರು, ಅದು ಸಿಗದಿದ್ದರೆ ಆಲಿವ್ ಎಣ್ಣೆಯ ಹಳೆಯ ಗಷ್ಟು. ಇವನ್ನೆಲ್ಲ ಯಾರೂ ಮಾಡಿ ನೋಡಬೇಡಿ, ಇವುಗಳಲ್ಲಿ ಕೆಲವು ನಾಯಿಯನ್ನೇ ಕೊಂದಾವು. ಆದರೆ ಉಣ್ಣಿಯನ್ನು ಕೈಯಿಂದ ಕಿತ್ತರೆ ಗಾಯವಾಗುತ್ತದೆ ಎಂಬ ಅವನ ಎಚ್ಚರಿಕೆ ಇಂದಿಗೂ ಸರಿ. ಪಶುವೈದ್ಯರು ಚಿಮಟ ಹಿಡಿದು, ಚರ್ಮದ ಹತ್ತಿರದಿಂದ ನೇರವಾಗಿ ಎಳೆಯಿರಿ ಎನ್ನುವುದು ಆ ಕಾರಣಕ್ಕೇ. ನಾಯಿಯ ಹೆಸರು ತೀರ ಉದ್ದವಿರಬಾರದು, ಎರಡು ಅಕ್ಷರಕ್ಕಿಂತ ಕಡಿಮೆಯೂ ಇರಬಾರದು ಎಂದೂ ಅವನು ಹೇಳುತ್ತಾನೆ. ಕಾಳಿ, ಟಾಮಿ, ರಾಜ ಎಲ್ಲವೂ ಅವನ ಲೆಕ್ಕಕ್ಕೆ ಪಾಸು.

ಕೊಲುಮೆಲ್ಲನ ನಾಯಿ ಆಸ್ತಿ. ಎರಡನೆಯ ಶತಮಾನದ ಗ್ರೀಕ್ ಲೇಖಕ ಆರಿಯನ್‌ನ ನಾಯಿಗೆ ಮುಖವಿದೆ. ಅಲೆಕ್ಸಾಂಡರನ ದಂಡಯಾತ್ರೆಯ ಇತಿಹಾಸ ಬರೆದವನು, ಭಾರತದ ಬಗ್ಗೆ ‘ಇಂಡಿಕಾ’ ಬರೆದವನು ಇದೇ ಆರಿಯನ್. ಅವನು ಬೇಟೆನಾಯಿಗಳ ಕುರಿತ ಒಂದು ಸಣ್ಣ ಪುಸ್ತಕವನ್ನೂ ಬರೆದ, ಅದರಲ್ಲಿ ತನ್ನ ಹೆಣ್ಣುನಾಯಿ ಹೋರ್ಮೆಯ ಹೆಸರನ್ನು ಬೇಕೆಂದೇ ಬರೆದಿಟ್ಟ. ಹೋರ್ಮೆ ಅವನ ಹಿಂದೆಯೇ ವ್ಯಾಯಾಮಶಾಲೆಗೆ ಹೋಗಿ ಪಕ್ಕದಲ್ಲಿ ಕೂರುತ್ತಿತ್ತು. ಮರಿಯಾಗಿದ್ದಾಗ ಚಾಟಿಯ ಪೆಟ್ಟು ತಿಂದಿದ್ದರಿಂದ ಈಗಲೂ ಯಾರಾದರೂ ಚಾಟಿಯ ಹೆಸರೆತ್ತಿದರೆ ಮುದುರಿಕೊಂಡು ಬಂದು ಮುದ್ದು ಮಾಡುತ್ತಿತ್ತು.

ನಾಯಿಗೆ ಮೆತ್ತಗಿನ, ಬೆಚ್ಚಗಿನ ಹಾಸಿಗೆಗಿಂತ ಒಳ್ಳೆಯದಿಲ್ಲ, ಮನುಷ್ಯನ ಜೊತೆ ಮಲಗಿಸುವುದಂತೂ ಎಲ್ಲಕ್ಕಿಂತ ಉತ್ತಮ ಎನ್ನುತ್ತಾನೆ ಆರಿಯನ್. ಪಕ್ಕದಲ್ಲೇ ಮಲಗಿದವನಿಗೆ ಅದಕ್ಕೆ ರಾತ್ರಿ ಹುಷಾರಿಲ್ಲದ್ದು, ಬಾಯಾರಿದ್ದು ತಿಳಿಯುತ್ತದೆ. ನಾಯಿಗಳನ್ನೇ ಒಟ್ಟಿಗೆ ಮಲಗಿಸಿದರೆ ಶಾಖಕ್ಕೂ ವಾಸನೆಗೂ ಕಜ್ಜಿ ಹಿಡಿಯುತ್ತದಂತೆ. ಕಾರಣ ತಪ್ಪು, ಕಜ್ಜಿ ಹರಡುವುದು ಕಣ್ಣಿಗೆ ಕಾಣದ ಹುಳದಿಂದ. ಆದರೆ ಒತ್ತೊತ್ತಾಗಿ ಮಲಗಿದ ನಾಯಿಗಳಲ್ಲಿ ಕಜ್ಜಿ ಹರಡುವುದನ್ನು ಅವನು ಗಮನಿಸಿದ್ದು ನಿಜ. ಬೇಸಿಗೆಯಲ್ಲಿ ಹೊರಗೆ ಹೋಗುವಾಗ ಮೊಟ್ಟೆ ಒಯ್ಯಿರಿ, ನಾಯಿ ತೀರ ಏದುಸಿರು ಬಿಟ್ಟರೆ ಬಾಯಿ ತೆರೆದು ಹಾಕಿ, ತಂಪಾಗುತ್ತದೆ ಎಂಬ ಸಲಹೆಯೂ ಇದೆ. ಏದುತ್ತಿರುವ ನಾಯಿಯ ಗಂಟಲಿಗೆ ಮೊಟ್ಟೆ ಹಾಕುವುದು ಅಪಾಯ, ಅದಕ್ಕೆ ನೆರಳು ಮತ್ತು ನೀರು ಬೇಕು.

ಆರೈಕೆ ಅಲಂಕಾರವಾಗಿ ಬದಲಾದದ್ದು ಪೂಡಲ್ ನಾಯಿಯ ಮೈಮೇಲೆ ಚೆನ್ನಾಗಿ ಕಾಣುತ್ತದೆ. ಅದು ಮೊದಲು ನೀರಿಗೆ ಹಾರಿ ಬಾತು ತರುತ್ತಿದ್ದ ನಾಯಿ. ಈಜಲು ಭಾರವಾಗದಂತೆ ಹಿಂಭಾಗದ ಕೂದಲು ಬೋಳಿಸಿ, ಚಳಿ ತಡೆಯಲು ಎದೆ ಮತ್ತು ಕೀಲುಗಳ ಮೇಲೆ ಬಿಡುತ್ತಿದ್ದರೆಂದು ಹೇಳುತ್ತಾರೆ. ಪ್ಯಾರಿಸ್ಸಿನಲ್ಲಿ ಅದೇ ಫ್ಯಾಷನ್ ಆಯಿತು. ಸೇನ್ ನದಿಯ ದಂಡೆಯಲ್ಲಿ, ಪೋಂ ನಫ್ ಸೇತುವೆಯ ಬಳಿ ಕತ್ತರಿ ಹಿಡಿದು ಕೂರುತ್ತಿದ್ದವರು ಬಡವರು, ಅವರಲ್ಲಿ ಹೆಂಗಸರೂ ಇದ್ದರು. ಅವರದೇ ಕೈ ಬೆಕ್ಕುಗಳ ಬೀಜವನ್ನೂ ಒಡೆಯುತ್ತಿತ್ತು. ಬೆಕ್ಕಿನ ಚರಿತ್ರೆ ಈ ವಿಷಯದಲ್ಲಿ ಚಿಕ್ಕದು. ಮುಳ್ಳುಮುಳ್ಳಾದ ನಾಲಿಗೆಯೇ ಅದಕ್ಕೆ ಬಾಚಣಿಗೆ. ಉದ್ದಕೂದಲಿನ ಜಾತಿಗಳನ್ನು ಬೆಳೆಸಿ ಮನುಷ್ಯ ಅದಕ್ಕೂ ತನ್ನ ಕೈ ಬೇಕಾಗುವಂತೆ ಮಾಡಿದ.

ಪ್ಯಾರಿಸ್ಸಿನ ಕತ್ತರಿ ಈಗ ನಮ್ಮ ಊರುಗಳಿಗೂ ಬಂದಿದೆ. ಏಪ್ರಿಲ್ ಬಂತೆಂದರೆ ಹಿಮನಾಡಿನ ಹಸ್ಕಿಯನ್ನು ಸೆಕೆಗೆಂದು ಬುಡಮಟ್ಟ ಬೋಳಿಸಿ ಕರೆದುಕೊಂಡು ಹೋಗುವವರನ್ನು ಕಾಣುತ್ತೇನೆ. ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ನಾಯಿ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ಮುಖ್ಯವಾಗಿ ಏದುಸಿರಿನಿಂದ ತಂಪಾಗುತ್ತದೆ. ಎರಡು ಪದರದ ಕೂದಲಿನಲ್ಲಿ ಮೇಲಿನದು ಬಿಸಿಲನ್ನೂ ತಡೆಯುತ್ತದೆ. ಅದನ್ನು ತೆಗೆದರೆ ಚರ್ಮ ಸುಡುತ್ತದೆ, ಮತ್ತೆ ಬರುವ ಕೂದಲು ಕೆಲವೊಮ್ಮೆ ಮೊದಲಿನಂತಿರುವುದಿಲ್ಲ. ಬೇಸಿಗೆಗೆ ಮುನ್ನ ತಾನಾಗಿ ಉದುರುವ ಒಳಗೂದಲನ್ನು ಬಾಚಿ ತೆಗೆದರೆ ಸಾಕು.

ನಮ್ಮ ಬಾಗಲಕೋಟೆ ಸೀಮೆಯ ಮುಧೋಳದ ನಾಯಿಗೆ ಈ ರಗಳೆಯೇ ಇಲ್ಲ. ಚೂಪುಮೂತಿ, ತೆಳುಹೊಟ್ಟೆ, ಗಿಡ್ಡ ಕೂದಲು. 2005ರಲ್ಲಿ ಅಂಚೆಚೀಟಿಯ ಮೇಲೂ ಬಂತು. ಗಿಡ್ಡ ಕೂದಲಿನ ನಾಯಿಗೆ ಆರೈಕೆಯೇ ಬೇಡ ಎಂದು ಅನೇಕರು ತಿಳಿದಿದ್ದಾರೆ. ಹೋರ್ಮೆಯೂ ಇಂಥದೇ ಓಟದ ತಳಿಯದು. ಅಂಥ ನಾಯಿಗೆ ಆರಿಯನ್ ಹೇಳಿದ್ದು ಬರಿಗೈಯ ಕೆಲಸ: ಮೈಯನ್ನೆಲ್ಲ ಚೆನ್ನಾಗಿ ತಿಕ್ಕಬೇಕು, ಕುದುರೆಗೆಷ್ಟೋ ನಾಯಿಗೂ ಅಷ್ಟೇ ಒಳ್ಳೆಯದು. ಬೆನ್ನಾಯಿತು, ಹೊಟ್ಟೆಯನ್ನೂ ಬಿಡಬಾರದು. ಕೊನೆಗೆ ಬಾಲ ಹಿಡಿದು ಮೇಲೆತ್ತಿ ಜಗ್ಗಿ ಬಿಟ್ಟುಬಿಡಬೇಕು, ಆಗ ಅದು ಮೈ ಕೊಡವಿ ತನಗೆ ಹಿತವಾಯಿತೆಂದು ತೋರಿಸುತ್ತದೆ ಎಂದು ಬರೆಯುತ್ತಾನೆ. ಆ ಬಾಲ ಜಗ್ಗುವುದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ನಾನು ಮಾಡುತ್ತೇನೆ. ನಮ್ಮ ಮನೆಯದೂ ಮೈ ಕೊಡವುತ್ತದೆ.