ಕರಗಿದ ಬಾಡು ವಾಪಸ್ ಫ್ರೀಜರ್‌ಗೆ ಇಡಬಹುದಾ? ಮನೆಯವರು, ಅಂಗಡಿಯವರು ತಿಳಿದಿರಬೇಕಾದ ವಿಷಯ

ಹೊಸತೊಡಕು, ಹರಕೆ, ಬೀಗರೂಟ ಯಾವುದೇ ಇರಲಿ, ಮಾರನೇ ದಿನ ಎಷ್ಟೋ ಮನೆಗಳ ಫ್ರೀಜರ್‌ನಲ್ಲಿ ಒಂದೆರಡು ಕವರ್ ಮಟನ್ ಇಲ್ಲವೇ ಚಿಕನ್ ಉಳಿದಿರುತ್ತದೆ. ಭಾನುವಾರ ಬೆಳಿಗ್ಗೆ ಅದನ್ನು ತೆಗೆದು ಸಿಂಕ್ ಪಕ್ಕ ಇಡುತ್ತಾರೆ. ಮಧ್ಯಾಹ್ನದ ಹೊತ್ತಿಗೆ ನೆಂಟರು ಬರಲ್ಲ ಅಂತ ಫೋನ್ ಬರುತ್ತೆ, ಕರಗಿದ ಬಾಡು ಮತ್ತೆ ಫ್ರೀಜರ್ ಸೇರುತ್ತೆ. ಇದು ಸರಿಯೋ ತಪ್ಪೋ ಅನ್ನೋದಕ್ಕೆ ಎರಡು ವಿಷಯ ಗೊತ್ತಾದರೆ ಸಾಕು: ಬಾಡು ಎಲ್ಲಿ ಕರಗಿತು, ಎಷ್ಟು ಹೊತ್ತು ಹೊರಗಿತ್ತು.

ಐಸ್ ಆದರೆ ರೋಗಾಣು ಸಾಯಲ್ಲ

ಹಸಿ ಕೋಳಿ ಮಾಂಸದಲ್ಲಿ ಸಾಲ್ಮೊನೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್ ಎಂಬ ರೋಗಾಣುಗಳು ಇರಬಹುದು. ಫ್ರೀಜರ್ ಇವನ್ನು ಮಲಗಿಸುತ್ತದೆ ಅಷ್ಟೇ, ಕರಗಿದ ಕೂಡಲೇ ಮತ್ತೆ ಏಳುತ್ತವೆ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ರೋಗಾಣು ಬೆಳೆಯುತ್ತದೆ, ಅನುಕೂಲ ಸಿಕ್ಕರೆ 20 ನಿಮಿಷಕ್ಕೆ ಎರಡರಷ್ಟಾಗುತ್ತದೆ. ನಮ್ಮ ಅಡುಗೆಮನೆಯ ಬಿಸಿ ವರ್ಷಪೂರ್ತಿ ಇದೇ ಲೆಕ್ಕದೊಳಗೆ ಬರುತ್ತದೆ. ಸಿಂಕ್ ಪಕ್ಕ ಇಟ್ಟ ಕವರ್‌ನ ಒಳಭಾಗ ಇನ್ನೂ ಕಲ್ಲಿನಂತೆ ಗಟ್ಟಿ ಇರುವಾಗಲೇ ಹೊರಭಾಗ ಬೆಚ್ಚಗಾಗಿರುತ್ತದೆ. ಅರಿಶಿನ, ಉಪ್ಪು, ನಿಂಬೆ ಹಚ್ಚಿದರೂ ಈ ಅಪಾಯ ಹೋಗಲ್ಲ.

ಕರಗಿಸಲು ಮೂರು ದಾರಿ

ಫ್ರಿಜ್‌ನಲ್ಲಿ: ಎಲ್ಲಕ್ಕಿಂತ ಒಳ್ಳೇದು ಇದೇ. ಹಿಂದಿನ ದಿನವೇ ಫ್ರೀಜರ್‌ನಿಂದ ತೆಗೆದು, ರಸ ಸೋರದಂತೆ ಪಾತ್ರೆಯೊಳಗೆ ಹಾಕಿ ಕೆಳಗಿನ ತಟ್ಟೆಯಲ್ಲಿ ಇಡಬೇಕು. ಅರ್ಧ ಕೆಜಿಗೂ ಒಂದು ದಿನ ಹಿಡಿಯಬಹುದು. ಎರಡು ಕೆಜಿಯ ಇಡೀ ಕೋಳಿಗೆ 24 ಗಂಟೆ ಬೇಕು.

ತಣ್ಣೀರಿನಲ್ಲಿ: ನೀರು ಒಳಹೋಗದ ಗಟ್ಟಿ ಕವರ್‌ನಲ್ಲಿ ಕಟ್ಟಿ ಪೂರ್ತಿ ಮುಳುಗಿಸಿ, 30 ನಿಮಿಷಕ್ಕೊಮ್ಮೆ ನೀರು ಬದಲಿಸಬೇಕು. ಅರ್ಧ ಕೆಜಿ ಸುಮಾರು ಒಂದು ಗಂಟೆಯಲ್ಲಿ ಕರಗುತ್ತದೆ. ಬೇಸಿಗೆಯಲ್ಲಿ ಟ್ಯಾಂಕ್ ನೀರೇ ಬಿಸಿ ಇರುತ್ತೆ, ಹಾಗಾಗಿ ಫ್ರಿಜ್ ನೀರನ್ನೋ ಐಸ್ ತುಂಡನ್ನೋ ಸೇರಿಸಿಕೊಳ್ಳಬೇಕು. ಬಿಸಿನೀರಂತೂ ಹಾಕಲೇಬಾರದು.

ಮೈಕ್ರೋವೇವ್‌ನಲ್ಲಿ: ಅಂಚು ಅಲ್ಲಲ್ಲಿ ಬೆಂದುಬಿಡುತ್ತದೆ. ಹಾಗಾಗಿ ತೆಗೆದ ತಕ್ಷಣ ಅಡುಗೆಗೆ ಹಾಕಬೇಕು.

ಸಮಯವೇ ಇಲ್ಲ ಅಂದರೆ ಕರಗಿಸದೇ ಸಾರಿಗೆ ಹಾಕಬಹುದು. ಬೇಯಲು ಮಾಮೂಲಿಗಿಂತ ಒಂದೂವರೆ ಪಟ್ಟು ಹೊತ್ತು ಬೇಕು. ಕಬಾಬ್‌ಗೆ ಮಾತ್ರ ಈ ಲೆಕ್ಕ ಬೇಡ. ಅರೆ ಕರಗಿದ ತುಂಡು ಎಣ್ಣೆಗೆ ಬಿದ್ದರೆ ಹೊರಗೆ ಕೆಂಪಗಾಗುತ್ತದೆ, ಮೂಳೆ ಹತ್ತಿರ ಹಸಿಯಾಗೇ ಇರುತ್ತದೆ.

ಮತ್ತೆ ಫ್ರೀಜ್ ಮಾಡೋದು ಯಾವಾಗ?

ಒಮ್ಮೆ ಕರಗಿದ್ದನ್ನು ಮತ್ತೆ ಇಡಲೇಬಾರದು ಅನ್ನೋ ಮಾತು ಪೂರ್ತಿ ನಿಜ ಅಲ್ಲ.

ಫ್ರಿಜ್ ಒಳಗೇ ಕರಗಿದ್ದರೆ ಬೇಯಿಸದೇ ಮತ್ತೆ ಫ್ರೀಜರ್‌ಗೆ ಇಡಬಹುದು. ಕೋಳಿ, ಕೈಮಾ ಆದರೆ ಒಂದೆರಡು ದಿನದೊಳಗೆ, ಮಟನ್ ತುಂಡು ಆದರೆ ಮೂರರಿಂದ ಐದು ದಿನದೊಳಗೆ ಇಡಬೇಕು. ನೀರು ಬಿಟ್ಟುಕೊಂಡು ರುಚಿ ಸ್ವಲ್ಪ ಕೆಡಬಹುದು, ತಿನ್ನೋಕೆ ತೊಂದರೆ ಇಲ್ಲ.

ತಣ್ಣೀರು ಅಥವಾ ಮೈಕ್ರೋವೇವ್‌ನಲ್ಲಿ ಕರಗಿಸಿದ್ದರೆ ಮೊದಲು ಬೇಯಿಸಬೇಕು. ಬೆಂದದ್ದನ್ನು ತಣಿಸಿ ಫ್ರೀಜರ್‌ಗೆ ಇಡಬಹುದು.

ಹೊರಗೆ ಎರಡು ಗಂಟೆಗಿಂತ ಹೆಚ್ಚು ಇದ್ದರೆ ಫ್ರೀಜರ್‌ಗೂ ಬೇಡ, ಅಡುಗೆಗೂ ಬೇಡ. ಬಿಸಿಲು 32 ಡಿಗ್ರಿ ದಾಟಿದ ದಿನ ಈ ಗಡುವು ಒಂದೇ ಗಂಟೆ. ಚೆನ್ನಾಗಿ ಕುದಿಸಿದರೆ ಸರಿಹೋಗುತ್ತೆ ಅನ್ನೋದೂ ತಪ್ಪು, ಕೆಲವು ರೋಗಾಣು ಬಿಡುವ ವಿಷ ಕುದಿಸಿದರೂ ಹೋಗಲ್ಲ. ವಾಸನೆ ಬಂದಿಲ್ಲ ಅಂತಲೂ ನಂಬೋ ಹಾಗಿಲ್ಲ.

ಬೇಯಿಸುವಾಗ, ಉಳಿಸುವಾಗ

ಕೋಳಿ ತುಂಡಿನ ಒಳಭಾಗ 74 ಡಿಗ್ರಿ ಮುಟ್ಟಬೇಕು. ಕೊತಕೊತ ಕುದಿಯುವ ಸಾರಿನಲ್ಲಿ ತುಂಡು ಒಳಗೂ ಬೆಂದರೆ ಇದು ಸಲೀಸು. ಲೆಗ್ ಪೀಸ್, ಕಬಾಬ್‌ಗಳನ್ನು ಮಾತ್ರ ದಪ್ಪ ಇರುವ ಕಡೆ ಕುಯ್ದು ನೋಡಬೇಕು. ಹಸಿ ಮಾಂಸ ಮುಟ್ಟಿದ ಚಾಕು, ಮಣೆಯನ್ನು ಸೋಪು ಹಾಕಿ ತೊಳೆಯದೇ ಈರುಳ್ಳಿ, ಸೌತೆಕಾಯಿ ಹೆಚ್ಚಬಾರದು. ನಲ್ಲಿ ಜೋರಾಗಿ ಬಿಟ್ಟು ಕೋಳಿ ತೊಳೆದರೆ ಹನಿ ಹಾರಿ ರೋಗಾಣು ಸುತ್ತಮುತ್ತ ಹರಡುತ್ತದೆ.

ಉಳಿದ ಸಾರನ್ನು ದೊಡ್ಡ ಪಾತ್ರೆಯಲ್ಲೇ ರಾತ್ರಿಯಿಡೀ ಒಲೆ ಮೇಲೆ ಬಿಡಬಾರದು. ಅಗಲವಾದ ಸಣ್ಣ ಪಾತ್ರೆಗಳಿಗೆ ಹಂಚಿ ಎರಡು ಗಂಟೆಯೊಳಗೆ ಫ್ರಿಜ್‌ಗೆ ಇಟ್ಟರೆ ಮೂರು ನಾಲ್ಕು ದಿನ ಬಳಸಬಹುದು. ಪ್ರತಿ ಸಲ ಬೇಕಾದಷ್ಟನ್ನೇ ತೆಗೆದು ಚೆನ್ನಾಗಿ ಕುದಿಸಬೇಕು.

ಕರೆಂಟು ಹೋದರೆ

ಮನೆ ಇನ್ವರ್ಟರ್‌ಗೆ ಸಾಮಾನ್ಯವಾಗಿ ಫ್ರಿಜ್ ಸೇರಿಸಿರುವುದಿಲ್ಲ. ಬಾಗಿಲು ತೆಗೆಯದಿದ್ದರೆ ಫ್ರಿಜ್ ಸುಮಾರು 4 ಗಂಟೆ ತಂಪು ಹಿಡಿದಿಡುತ್ತದೆ. ತುಂಬಿದ ಡೀಪ್ ಫ್ರೀಜರ್ 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ ತಡೆಯುತ್ತದೆ. ಸಿಂಗಲ್ ಡೋರ್ ಫ್ರಿಜ್‌ನ ಮೇಲಿನ ಸಣ್ಣ ಫ್ರೀಜರ್ ಅಷ್ಟು ಹೊತ್ತು ತಡೆಯುತ್ತೆ ಅಂತ ನೆಚ್ಚಿಕೊಳ್ಳಬಾರದು. ಕರೆಂಟು ಬಂದ ಮೇಲೆ ಮಾಂಸದಲ್ಲಿ ಇನ್ನೂ ಐಸ್ ಹರಳು ಇದ್ದರೆ ಮತ್ತೆ ಫ್ರೀಜ್ ಆಗಲು ಬಿಡಬಹುದು.

ರಾತ್ರಿ ಬಾಗಿಲು ಹಾಕಿ ಹೋಗುವ ಅಂಗಡಿ, ಹೋಟೆಲ್‌ನವರಿಗೆ ಸುಲಭದ ಉಪಾಯ ಒಂದಿದೆ. ಒಂದು ಲೋಟ ನೀರನ್ನು ಐಸ್ ಮಾಡಿ, ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು ಫ್ರೀಜರ್‌ನಲ್ಲೇ ಬಿಡಬೇಕು. ಬೆಳಿಗ್ಗೆ ನಾಣ್ಯ ತಳದಲ್ಲಿದ್ದರೆ ಐಸ್ ಪೂರ್ತಿ ಕರಗಿ ಮತ್ತೆ ಗಟ್ಟಿಯಾಗಿದೆ ಎಂದರ್ಥ. ಆ ಮಾಲನ್ನು ಮಾರಬಾರದು. ಫ್ರೀಜ್ ಮಾಡಿ ಕರಗಿಸಿದ ಮಾಂಸ ಕೊಡುವಾಗ ಗಿರಾಕಿಗೆ ಒಂದು ಮಾತು ಹೇಳಿಬಿಟ್ಟರೆ, ಅವರೂ ಅದಕ್ಕೆ ತಕ್ಕಂತೆ ಅವತ್ತೇ ಬೇಯಿಸಿಕೊಳ್ಳುತ್ತಾರೆ.

ಮಾಂಸ ತಿಂದ ಮೇಲೆ ವಾಂತಿ, ಭೇದಿ ಶುರುವಾದರೆ ಓಆರ್‌ಎಸ್ ಕುಡಿಸಬೇಕು. ಜ್ವರ ಜೋರಾದರೆ ಅಥವಾ ಭೇದಿಯಲ್ಲಿ ರಕ್ತ ಕಂಡರೆ ಕಾಯದೇ ಆಸ್ಪತ್ರೆಗೆ ಹೋಗಬೇಕು. ಮಕ್ಕಳು, ಗರ್ಭಿಣಿಯರು, ವಯಸ್ಸಾದವರ ವಿಷಯದಲ್ಲಂತೂ ತಡ ಮಾಡಲೇಬಾರದು.